ಹದಿಮೂರು ಮೀನಿಗೆ ಹದಿಮೂರು ಜಾಡಿ

ಪ್ರದರ್ಶನ ಸಮಿತಿಯವರು ನಮ್ಮ ಮನೆಯ ಹದಿಮೂರು ಮೀನುಗಳನ್ನು ಕೊಂದರು. ಕೊಂದ ಮೇಲೆ ಆ ಸಾವಿನ ಹೊಣೆಯನ್ನು ನನ್ನ ಸೋದರತ್ತೆಯ ನಾಲಿಗೆಗೆ ಕಟ್ಟಿದರು. ಎರಡೂ ಕೆಲಸಗಳು ಹಾಡಹಗಲಿನಲ್ಲಿ, ಜನರೆದುರಿಗೆ ನಡೆದವು. ಎರಡನೆಯದಕ್ಕಂತೂ ಸಹಿಯೂ ಮೊಹರೂ ಬಿದ್ದವು. ಮೊದಲನೆಯದು ಅರಿಯದೆ ಆದದ್ದೆಂದು ಬೇಕಾದರೆ ಒಪ್ಪುತ್ತೇನೆ. ಎರಡನೆಯದನ್ನು ಒಪ್ಪಲಾರೆ. ಅದನ್ನು ಬರೆದವರಿಗೆ ತಾವು ಬರೆಯುತ್ತಿರುವುದು ಸುಳ್ಳೆಂದು ತಿಳಿದಿತ್ತು. ಅವರಿಗೆ ತಿಳಿದಿತ್ತೆಂಬುದು ನನಗೆ ಹೇಗೆ ಗೊತ್ತಾಯಿತು ಎಂದು ವಿವರಿಸಲು ನಮ್ಮ ಮನೆಯ ಪಡಸಾಲೆಯಿಂದಲೇ ಆರಂಭಿಸಬೇಕಾಗಿದೆ.

ವಿಜಾಪುರದಲ್ಲಿ ನಮ್ಮ ಮನೆ ಸೊಲ್ಲಾಪುರ ರಸ್ತೆಯಿಂದ ಎರಡು ಓಣಿ ಒಳಗೆ. ತಂದೆ ಕಚೇರಿಯ ಗುಮಾಸ್ತರು. ಅವರ ಅಕ್ಕ, ಅಂದರೆ ನನ್ನ ಅತ್ತೆ, ಹುಟ್ಟಿದ್ದು ಬಬಲೇಶ್ವರದಲ್ಲಿ, ಕೊಟ್ಟದ್ದು ತಿಕೋಟಾಕ್ಕೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, ಬಂದ ವಾರದೊಳಗೇ ಮನೆಯ ಅಧಿಕಾರವನ್ನೆಲ್ಲ ಕೈಗೆ ತೆಗೆದುಕೊಂಡವಳು. ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಆದರೂ ಮೂರು ನಾಲ್ಕು ಊರುಗಳಲ್ಲಿ ಅವಳ ಮಾತಿಗೆ ಬೆಲೆಯಿತ್ತು, ಅವಳ ನಾಲಿಗೆಯ ಕಾರಣದಿಂದ.

ನಮ್ಮ ಸೀಮೆಯಲ್ಲಿ ನೀರು ಹತ್ತು ಮಾರಿಗೊಂದು ರುಚಿ. ಒಂದು ಬಾವಿಯದು ಸೀನೀರಾದರೆ ಬದುವಿನಾಚೆಯ ಬಾವಿಯದು ಸವುಳು. ಹೊಸ ಬಾವಿಗೆ ನೀರು ಬಿದ್ದಾಗ ಮೊದಲ ಕೊಡವನ್ನು ಬಲ್ಲ ಹೆಂಗಸೊಬ್ಬಳ ಕೈಗೆ ಕೊಟ್ಟು ರುಚಿ ನೋಡಿಸುವುದು ನಮ್ಮವರ ರೂಢಿ. ಆ ನೀರು ಕುಡಿಯಲಿಕ್ಕೋ, ಅಡುಗೆಗೋ, ಬರೀ ಬಟ್ಟೆ ಒಗೆಯಲಿಕ್ಕೋ ಎಂಬುದು ಅವಳ ಒಂದು ಗುಟುಕಿನಲ್ಲಿ ನಿರ್ಧಾರವಾಗುತ್ತಿತ್ತು. ಅತ್ತೆ ಹದಿನಾರು ವರ್ಷದವಳಿದ್ದಾಗಿನಿಂದ ಈ ಕೆಲಸ ಮಾಡಿದವಳು. ಅವಳು ನಗರಕ್ಕೆ ಬಂದ ಮೇಲೂ ಊರಿನವರು ಅವಳನ್ನು ಬಿಡಲಿಲ್ಲ. ತಿಕೋಟಾದ ಬಸ್ಸಿನಲ್ಲಿ, ಸಾರವಾಡದ ಬಸ್ಸಿನಲ್ಲಿ, ಕುತ್ತಿಗೆಗೆ ದಾರ ಕಟ್ಟಿದ ಬಾಟಲಿಗಳು ಬರುತ್ತಿದ್ದವು. ಕೆಂಪು ದಾರವಿದ್ದರೆ ಹೊಸ ಬಾವಿ, ಬಿಳಿಯದಿದ್ದರೆ ಹಳೆಯ ಬಾವಿಯ ನೀರು ಕೆಟ್ಟಿದೆಯೆಂಬ ಸಂಶಯ. ಬೆಳಿಗ್ಗೆ ಚಹಾ ಮುಟ್ಟುವ ಮೊದಲು ಅತ್ತೆ ಒಂದು ಹನಿ ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಉಗುಳಿ, ಉತ್ತರವನ್ನು ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸುತ್ತಿದ್ದಳು.

"ಕುಡಿಯಾಕ ಅಡ್ಡಿಯಿಲ್ಲ, ಆದ್ರ ಬ್ಯಾಳಿ ಬೇಯಂಗಿಲ್ಲ ಅಂತ ಹೇಳಪಾ. ಮತ್ತ ಕಾಯಿಸಿ ಕುಡೀರಿ ಅಂತನೂ ಹೇಳು. ರುಚಿ ನಾ ಹೇಳಬಲ್ಲೆ, ರೋಗ ನನ್ನ ನಾಲಿಗಿಗೆ ಸಿಗಂಗಿಲ್ಲ."

ಈ ಕೊನೆಯ ಮಾತನ್ನು ಅವಳು ಒಮ್ಮೆಯೂ ಬಿಟ್ಟವಳಲ್ಲ. ಓದುಗರು ಇದನ್ನು ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಕಡಲ ಮೀನು ನಮ್ಮ ಮನೆಗೆ ಬಂದದ್ದು ನನ್ನ ಸೋದರಮಾವನಿಂದ. ಅವರು ಕಾರವಾರದ ಬಂದರಿನಲ್ಲಿ ದೋಣಿಗಳ ಎಂಜಿನ್ನು ರಿಪೇರಿ ಮಾಡುತ್ತಿದ್ದರು. ನಾನು ಆಗ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಕಡಲಿನ ನಡುಗಡ್ಡೆಯ ಸುತ್ತಲಿನ ಕಲ್ಲುಗಳ ನಡುವೆ ಬದುಕುವ ಸಣ್ಣ ಮೀನುಗಳನ್ನು ಮನೆಯಲ್ಲಿ ಸಾಕಬೇಕೆಂಬ ಹುಚ್ಚು ನನಗೆ ಹಿಡಿಯಿತು. ಅಂಥ ತೊಟ್ಟಿಯ ಚಿತ್ರವೊಂದನ್ನು ಗ್ರಂಥಾಲಯದ ಪತ್ರಿಕೆಯಲ್ಲಿ ನೋಡಿದ್ದೆ. ಕಡಲು ಕಾಣದ ಊರಿನಲ್ಲಿ ಹುಟ್ಟಿದವನಿಗೆ ಇನ್ನೆಂಥ ಹುಚ್ಚು ಹಿಡಿಯಬೇಕು?

ತೊಟ್ಟಿಯನ್ನು ಮಾಡಿಕೊಟ್ಟವರು ಸೊಲ್ಲಾಪುರ ರಸ್ತೆಯಲ್ಲಿ ಲಾರಿಗಳಿಗೆ ಗಾಜು ಕೂರಿಸುವ ಒಬ್ಬ ಮುಸಲ್ಮಾನ ಕುಶಲಕರ್ಮಿ. ಅವರ ತಂದೆಯ ಕಾಲದಿಂದ ಅದೇ ಅಂಗಡಿ. ಕಬ್ಬಿಣದ ಚೌಕಟ್ಟು, ನಾಲ್ಕು ಕಡೆ ದಪ್ಪ ಗಾಜು, ತಳಕ್ಕೆ ಶಹಾಬಾದ ಫರಸಿಕಲ್ಲು.

"ಅಕ್ಕಾ, ಉಪ್ಪನೀರಂದ್ರ ಕಬ್ಬಿಣದ ದುಶ್ಮನ್," ಎಂದರು ಅವರು ಅತ್ತೆಗೆ. "ಚೌಕಟ್ಟಿಗಿ ಹನಿ ಸೈತ ತಾಗದಂಗ, ಲಾರಿ ಕಾಜು ಕೂಡಿಸಿದಂಗ ಕೂಡಸ್ತೀನಿ."

"ಲಾರಿಯಂಗ ಓಡೂದು ಬ್ಯಾಡಪಾ. ನಿಂತ್ರ ಸಾಕು," ಎಂದಳು ಅತ್ತೆ.

ಅದು ನಿಂತಿತು. ಒಂದು ಹನಿಯೂ ಸೋರಲಿಲ್ಲ. ಕರಾವಳಿಯಿಂದ ಉಪ್ಪು ತರುವ ಲಾರಿಯ ಮೇಲೆ ಮಾವ ಕಡಲ ನೀರಿನ ಡಬ್ಬಿಗಳನ್ನು ಹೇರಿಸಿ ಕಳಿಸಿದರು. ಜೊತೆಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಹವಳದ ಕಲ್ಲುಗಳು. ಅವುಗಳ ಮೈತುಂಬ ಅಂಗಿಯ ಗುಂಡಿಯಂಥ, ಬಿಚ್ಚಿ ಮುಚ್ಚುವ ಜೀವಗಳು, ಸಂದಿಯಲ್ಲಿ ಅಡಗಿ ಬಂದ ಎರಡು ಗಾಜಿನಂಥ ಸೀಗಡಿಗಳು. ಕರೆಂಟು ನಂಬುವಂತಿರಲಿಲ್ಲವಾದ್ದರಿಂದ ನೀರಿಗೆ ಗಾಳಿಯನ್ನು ಲಾರಿಯ ಹಳೆಯ ಟ್ಯೂಬಿನಿಂದ ಕೊಡುತ್ತಿದ್ದೆವು. ಬೆಳಿಗ್ಗೆ, ಸಂಜೆ ನಾನು, ನಾನು ಓದಲು ಹೋದಾಗ ತಂದೆ, ಸೈಕಲ್ ಪಂಪಿನಿಂದ ಟ್ಯೂಬು ಉಬ್ಬಿಸಿ, ಸಣ್ಣ ನಳಿಗೆಯೊಂದರಿಂದ ಗುಳ್ಳೆಗಳು ಏಳುವಂತೆ ಬಿಗಿದು ಕಟ್ಟುವುದು. ಗಾಳಿ ಹೊಡೆದು ಹೊಡೆದು ನನ್ನ ತೋಳು ಪೈಲವಾನನದಾಯಿತೆಂದು ತಂದೆ ನಗುತ್ತಿದ್ದರು.

ಮಾವ ಮೊದಲು ತಂದದ್ದು ಎರಡೇ ಮೀನು. ಜೋಡಿ ಸಾಕೆಂದು ಅವರ ಎಣಿಕೆ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಬೆಳಕು ಬಿದ್ದಾಗ ನೀಲಿ, ಹೊರಳಿದಾಗ ಹಸಿರು. ಮೊದಲ ದಿನದಿಂದಲೇ ದೊಡ್ಡದು ಸಣ್ಣದನ್ನು ಅಟ್ಟಾಡಿಸತೊಡಗಿತು. ಸಣ್ಣದು ಕಲ್ಲಿನ ಹಿಂದೆ ಅಡಗಿ, ಅನ್ನ ಬಿಟ್ಟು ಸತ್ತಿತು. ಅಟ್ಟಾಡಿಸಿದ ದೊಡ್ಡದು ಒಂಟಿಯಾಗಿ ನಾಲ್ಕು ದಿನ ಗಾಜಿನ ಮೂಲೆಯಲ್ಲಿ ನಿಂತು ಅದೂ ಸತ್ತಿತು. ನಾನು ನೀರಿನಲ್ಲಿ ದೋಷ ಹುಡುಕುತ್ತಿದ್ದೆ. ಅತ್ತೆ ನೀರಿನ ಹನಿಯನ್ನು ನಾಲಿಗೆಗೆ ಹಚ್ಚಿ ತಲೆಯಾಡಿಸಿದಳು.

"ನೀರು ನೆಟ್ಟಗೈತಿ. ಇವು ಜೋಡಿ ಬಾಳೂ ಜೀವ ಅಲ್ಲ ತಮ್ಮಾ, ಹಿಂಡ ಬೇಕು ಇವಕ್ಕ. ಬಬಲೇಶ್ವರದಾಗ ನಮ್ಮ ಮಗ್ಗಲ ಮನ್ಯಾಗ ಕುರಿ ಸಾಕಿದ್ರು. ಒಂದನ್ನ ಬ್ಯಾರೆ ಕಟ್ಟಿದ್ರ ಅದು ಮುಂದಿನ ಮೇವಿಗಿ ಮೂಗ ಸೈತ ಹಚ್ಚತಿರಲಿಲ್ಲ."

ನಾನು ವಿಶ್ವವಿದ್ಯಾಲಯಕ್ಕೆ ಹೋಗಿ ಪುಸ್ತಕಗಳನ್ನು ತಿರುವಿ ಹಾಕಿದೆ. ಅವಳು ಹೇಳಿದ್ದನ್ನೇ ಅವು ಉದ್ದನೆಯ ಶಬ್ದಗಳಲ್ಲಿ ಹೇಳಿದ್ದವು. ಇಂಥ ಮೀನಿಗೆ ಗುಂಪೇ ಆಸರೆ. ಗುಂಪಿನಲ್ಲಿದ್ದಾಗ ಒಂದರ ಮುಂಗೋಪ ಹತ್ತರ ಮೇಲೆ ಹಂಚಿಹೋಗುತ್ತದೆ, ಯಾವುದೊಂದಕ್ಕೂ ಪೆಟ್ಟು ಮಿತಿಮೀರುವುದಿಲ್ಲ. ಒಂಟಿಯಾದರೆ ಅದು ಭಯದಿಂದಲೇ ಸೊರಗುತ್ತದೆ.

ಮುಂದಿನ ಉಪ್ಪಿನ ಲಾರಿಯಲ್ಲಿ ಮಾವ ಹದಿನೈದು ಮೀನು ಕಳಿಸಿದರು. ಎರಡು ದಾರಿಯಲ್ಲಿ ಸತ್ತವು. ಹದಿಮೂರು ಉಳಿದು, ಒಂದು ವರ್ಷಕ್ಕೂ ಮಿಕ್ಕಿ ನಮ್ಮ ಪಡಸಾಲೆಯಲ್ಲಿ ಬದುಕಿದವು. ಗುಳ್ಳೆಗಳ ಹರಿವಿಗೆ ಎದುರಾಗಿ ಹದಿಮೂರೂ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತಿದ್ದವು. ಅಂಗಳದ ಮೇಲೆ ಹದ್ದಿನ ನೆರಳು ಸರಿದರೆ ಸಾಕು, ಒಂದೇ ಕ್ಷಣಕ್ಕೆ ಹದಿಮೂರೂ ಕಲ್ಲಿನ ಸಂದಿಯಲ್ಲಿ. ಆಮೇಲೆ ಯಾವುದೋ ಒಂದು ಧೈರ್ಯ ಮಾಡಿ ಹೊರಬರುವುದು, ಉಳಿದವು ಅದರ ಬೆನ್ನಿಗೆ. ಅತ್ತೆ ಅವುಗಳನ್ನು ಎಂದೂ ಮೀನುಗಳೆಂದು ಕರೆಯಲಿಲ್ಲ. "ಹಿಂಡ ಎದ್ದೈತಿ," ಎನ್ನುವಳು ಬೆಳಿಗ್ಗೆ. "ಹಿಂಡ ಇವತ್ತ ಸಿಟ್ಟಿನ್ಯಾಗೈತಿ," ಎನ್ನುವಳು ಕೆಲವೊಮ್ಮೆ, ಏಕೆಂದು ನನಗೆ ತಿಳಿಯುತ್ತಿರಲಿಲ್ಲ. ಅವುಗಳ ಆಹಾರವಾದ ಒಣ ಸೀಗಡಿಯ ಪುಡಿ ನಮ್ಮ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಗಾಜಿನ ಅಂಗಡಿಯವರ ಹೆಂಡತಿ ಅದನ್ನು ಕುಟ್ಟಿ ಡಬ್ಬಿಯಲ್ಲಿ ತುಂಬಿ ಕೊಡುತ್ತಿದ್ದರು, ಡಬ್ಬಿ ಹೊರಗಿನ ಗೋಡೆಯ ಮೊಳೆಗೆ ತೂಗುತ್ತಿತ್ತು. ಮಡಿಯ ವಿಷಯದಲ್ಲಿ ಮನೆಮಂದಿಯನ್ನೆಲ್ಲ ನಡುಗಿಸುತ್ತಿದ್ದ ಅತ್ತೆಯೇ ದಿನಕ್ಕೆರಡು ಸಲ ಬೇವಿನ ಕಡ್ಡಿಯಿಂದ ಆ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ನೀರಿಗೆ ಉದುರಿಸುತ್ತಿದ್ದಳು.

ಆ ಬೇಸಿಗೆಯಲ್ಲಿ ನಾನು ಹಿಂಡನ್ನು ಕೊಲ್ಲುವುದರಲ್ಲಿದ್ದೆ. ವಿಜಾಪುರದ ಬಿಸಿಲಿಗೆ ತೊಟ್ಟಿಯ ನೀರು ದಿನಕ್ಕೊಂದು ಬೆರಳು ಇಳಿಯುತ್ತಿತ್ತು. ಕಡಲ ಮೀನಿಗೆ ಕಡಲ ನೀರೇ ಬೇಕೆಂದು ನಾನು ಡಬ್ಬಿಯಲ್ಲಿ ಉಳಿಸಿದ್ದ ಕಡಲ ನೀರನ್ನೇ ಸುರಿದು ಮಟ್ಟ ಸರಿಮಾಡುತ್ತಿದ್ದೆ. ವಾರದ ಮೇಲೆ ಅತ್ತೆ ರುಚಿ ನೋಡಿ ಮುಖ ಕಿವುಚಿದಳು.

"ಲೇ, ಏನ ಹಾಕೀದಿ ಇದಕ್ಕ?"

"ಸಮುದ್ರದ ನೀರು."

"ಬಿಸಲಿಗಿ ಆರಿ ಹೋಗೂದು ನೀರೋ, ಉಪ್ಪೋ?"

ನಾನು ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟೆ.

"ಸಾರು ಕುದ್ದು ಕುದ್ದು ಬತ್ತಿದ್ರ ಮತ್ತ ಉಪ್ಪ ಹಾಕ್ತಾರೇನು? ಎಂ.ಎಸ್ಸಿ. ಓದಾಕ ಯಾವ ಊರಿಗಿ ಕಳಿಸ್ಯಾನಪಾ ನಮ್ಮ ತಮ್ಮ ನಿನ್ನ."

ಅಂದಿನಿಂದ ಭೂತನಾಳ ಕೆರೆಯ ನಳದ ನೀರನ್ನು ಅಗಲ ಬಾಯಿಯ ಮಣ್ಣಿನ ಹರವಿಯಲ್ಲಿ ಎರಡು ದಿನ ತೆರೆದಿಟ್ಟು, ಔಷಧದ ವಾಸನೆ ಹೋದ ಮೇಲೆ ಅತ್ತೆ ತಾನೇ ತಂಬಿಗೆಯಲ್ಲಿ ಅಳೆದು ಹಾಕತೊಡಗಿದಳು. ಎಷ್ಟು ತಂಬಿಗೆಯೆಂದು ನಿರ್ಧರಿಸುತ್ತಿದ್ದುದು ಅವಳ ನಾಲಿಗೆ. ನನಗೆ ನಂಬಿಕೆ ಸಾಲಲಿಲ್ಲ. ಉಪ್ಪಿನ ಸಾಂದ್ರತೆಯನ್ನು ಅಳೆಯುವ ಗಾಜಿನ ಮಾಪಕವೊಂದನ್ನು ಪ್ರಯೋಗಶಾಲೆಯಿಂದ ಎರವಲು ತಂದು, ಅಂಗಳದಲ್ಲಿ ನಾಲ್ಕು ಬಟ್ಟಲುಗಳನ್ನಿಟ್ಟೆ. ಒಂದರಲ್ಲಿ ಕಡಲ ನೀರು, ಒಂದರಲ್ಲಿ ತುಸು ತಿಳಿ, ಒಂದರಲ್ಲಿ ತುಸು ಗಾಢ. ನಾಲ್ಕನೆಯದರಲ್ಲಿ ಮೋಸಕ್ಕೆಂದು ಮತ್ತೆ ಕಡಲ ನೀರನ್ನೇ ತುಂಬಿದ್ದೆ. ಅತ್ತೆ ನಾಲ್ಕನ್ನೂ ನೋಡಿ, ಎರಡನ್ನು ಒಂದು ಕಡೆಗೆ ಸರಿಸಿದಳು.

"ಇವೆರಡೂ ಒಂದ ಅದಾವ. ಇದು ಸಪ್ಪಗೈತಿ, ಇದು ಕಡಕ ಐತಿ. ನನಗ ಪರೀಕ್ಷಾ ಇಟ್ಟೀ ಏನಲೇ?"

ಮಾಪಕವೂ ಅದನ್ನೇ ಹೇಳಿತ್ತು. ಬೇರೆ ಬೇರೆ ದಿನ ಇನ್ನೂ ಹಲವು ಸಲ ಪರೀಕ್ಷಿಸಿದೆ, ಅವಳು ಒಮ್ಮೆಯೂ ತಪ್ಪಲಿಲ್ಲ. ಈ ವಿವರಗಳೆಲ್ಲ ನನ್ನ ಪ್ರಯೋಗದ ವಹಿಯಲ್ಲಿ ಬರೆದಿಟ್ಟಿವೆ, ಯಾರು ಬೇಕಾದರೂ ನೋಡಬಹುದು. ಸಮಿತಿಯವರು ಮಾತ್ರ ನೋಡಲಿಲ್ಲ, ತೋರಿಸುತ್ತೇನೆಂದರೂ ನೋಡಲಿಲ್ಲ.

ನಗರದಲ್ಲಿ ಕೃಷಿ ಮತ್ತು ವಿಜ್ಞಾನದ ಮೂರು ದಿನಗಳ ಪ್ರದರ್ಶನವೊಂದು ಏರ್ಪಾಡಾಯಿತು. ಅದರ ಸಮಿತಿಯ ಕಾರ್ಯದರ್ಶಿ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತು, ಹಿಂಡನ್ನು ಬಹಳ ಹೊತ್ತು ನೋಡಿದರು.

"ಬಿಜಾಪುರದಾಗ ಸಮುದ್ರ ತಂದ ಇಟ್ಟೀರಲ್ರಿ. ಮೂರ ದಿನ ನಮಗ ಕೊಡ್ರಿ. ಮಂದಿ ನೋಡಲಿ," ಎಂದರು.

ತೊಟ್ಟಿಯನ್ನು ಎತ್ತುವುದು ಸಾಧ್ಯವಿರಲಿಲ್ಲ. ಗಾಜಿನ ಅಂಗಡಿಯವರು, ಅಗಲವಾದ, ಕಡಿಮೆ ಆಳದ ಇನ್ನೊಂದು ತೊಟ್ಟಿಯನ್ನು ತಾವೇ ಮಾಡಿ ಮೈದಾನಕ್ಕೆ ಮುಟ್ಟಿಸುವುದಾಗಿ ಒಪ್ಪಿದರು. ಆಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಹದಿಮೂರೂ ಕೂಡಿ ಒಂದ ನೀರಾಗ ಇರಬೇಕ್ರಿ. ಬ್ಯಾರೆ ಮಾಡಿದ್ರ ಸಾಯ್ತಾವ. ಇಷ್ಟು ಕಬೂಲ ಇದ್ರ ಒಯ್ರಿ, ಇಲ್ಲಾಂದ್ರ ಬ್ಯಾಡ."

"ಆತ ಬೇ, ನಿಮ್ಮ ಮೀನಿಗಿ ಕೂಡು ಕುಟುಂಬ ಬೇಕನ್ರಿ. ಕಬೂಲ," ಎಂದರು ಕಾರ್ಯದರ್ಶಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರು ನನ್ನ ಕಡೆ ತಿರುಗಿ, ವಹಿಸಬೇಕಾದ ಕಾಳಜಿಯನ್ನೆಲ್ಲ ಬರೆದು ಕೊಡಿರೆಂದರು. ಓದಿದವನ ಹುರುಪಿನಿಂದ ಮೂರು ಪುಟ ಬರೆದೆ. ಉಪ್ಪಿನ ಪ್ರಮಾಣ, ನೀರಿನ ಬಿಸಿ, ಗಾಳಿಯ ಟ್ಯೂಬು, ಆಹಾರ, ತಾಮ್ರದ ಪಾತ್ರೆ ಮುಟ್ಟಿಸಬಾರದೆಂಬ ಎಚ್ಚರಿಕೆ, ಎಲ್ಲವೂ ಅದರಲ್ಲಿದ್ದವು. ಹದಿಮೂರನ್ನೂ ಒಟ್ಟಿಗೆ ಇಡಬೇಕೆಂಬ ಮಾತೊಂದು ಇರಲಿಲ್ಲ. ಅತ್ತೆ ಹೇಳಿದ್ದಾಳೆ, ಅವರು ಒಪ್ಪಿದ್ದಾರೆ, ಇನ್ನು ಅದನ್ನು ಬರೆಯುವುದೇನು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಅಷ್ಟು ಸರಳವಾದ, ಕುರಿ ಕಾಯುವವರಿಗೂ ಗೊತ್ತಿರುವ ಮಾತು ನನ್ನ ಮೂರು ಪುಟಗಳ ಘನತೆಗೆ ಸರಿಹೊಂದದೆಂದು ತೋರಿತು. ಈ ತಪ್ಪು ನನ್ನದು. ಇದನ್ನು ಮರೆಮಾಡಿ ಬೇರೆಯವರಿಂದ ಲೆಕ್ಕ ಕೇಳುವ ಅಧಿಕಾರ ನನಗಿಲ್ಲ.

ಪ್ರದರ್ಶನದ ಮೊದಲ ದಿನ ಬೆಳಿಗ್ಗೆ ಸಮಿತಿಯವರು ಅಗಲವಾದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ತೊಟ್ಟಿಯ ನೀರನ್ನೇ ತುಂಬಿ ಹಿಂಡನ್ನು ಒಯ್ದರು. ಮೂರು ತಾಸಿನ ನಂತರ ಅತ್ತೆಯೂ ನಾನೂ ಮೈದಾನಕ್ಕೆ ಹೋದೆವು. ತಗಡಿನ ಚಪ್ಪರದ ಕೆಳಗೆ ಉದ್ದನೆಯ ಮೇಜು. ಅದರ ಮೇಲೆ ಹದಿಮೂರು ಉಪ್ಪಿನಕಾಯಿಯ ಗಾಜಿನ ಜಾಡಿಗಳು ಸಾಲಾಗಿ ನಿಂತಿದ್ದವು. ಒಂದೊಂದು ಜಾಡಿಯಲ್ಲಿ ಒಂದೊಂದು ಮೀನು. ಜಾಡಿಯ ಎರಡೂ ಮಗ್ಗುಲಿಗೆ ಅಂಗೈಯಗಲದ ಕಾಗದದ ಚೀಟಿ: ಸಮುದ್ರ ಮೀನು ೧, ಸಮುದ್ರ ಮೀನು ೨, ಹೀಗೆ ಹದಿಮೂರರವರೆಗೆ. ಗಾಳಿಯ ಟ್ಯೂಬು ಮೇಜಿನ ಕೆಳಗೆ ಚಪ್ಪಟೆಯಾಗಿ ಬಿದ್ದಿತ್ತು. ಗಾಜಿನ ಅಂಗಡಿಯವರು ಎರಡು ದಿನ ಕುಳಿತು ಮಾಡಿದ ಅಗಲ ತೊಟ್ಟಿ ವೇದಿಕೆಯ ಮಗ್ಗುಲಲ್ಲಿತ್ತು. ಅದರಲ್ಲಿ ನೀರು ತುಂಬಿ, ಅತಿಥಿಗಳಿಗೆ ಹಾಕುವ ಹೂಮಾಲೆಗಳು ಬಾಡದಂತೆ ತೇಲಿಬಿಟ್ಟಿದ್ದರು.

ನಾನು ಕಾರ್ಯದರ್ಶಿಯನ್ನು ಹುಡುಕಿ ಕರೆತಂದೆ. ಅವರ ದನಿಯಲ್ಲಿ ಸಂಕೋಚವೇನೂ ಇರಲಿಲ್ಲ.

"ಒಂದ ಕಡೆ ಇಟ್ರ ಮಂದಿ ಗುಂಪ ಕೂಡ್ತಾರ್ರಿ, ಸಾಲ ಮುಂದ ಸರಿಯಂಗಿಲ್ಲ. ಹದಿಮೂರ ಜಾಡಿ ಇಟ್ರ ಸಾಲ ತಾನ ಸರಿತೈತಿ. ಒಂದೊಂದಕ್ಕ ಒಂದೊಂದ ಜಾಡಿ ನೀರ ಕೊಟ್ಟೇವಿ, ಇನ್ನೇನ ಬೇಕ್ರಿ ಅವಕ್ಕ?"

ಜನರ ಸಾಲು ಸರಿಯಲೆಂದು ಹಿಂಡನ್ನು ಒಡೆದದ್ದು. ಇದಕ್ಕಿಂತ ಬೇರೆ ಕಾರಣವನ್ನು ಅಂದೂ ಅವರು ಕೊಡಲಿಲ್ಲ, ಇಂದಿನವರೆಗೂ ಕೊಟ್ಟಿಲ್ಲ.

ನಾನು ವಾದಿಸುತ್ತಿದ್ದಾಗ ಅತ್ತೆ ಜಾಡಿಗಳ ಹತ್ತಿರ ಹೋಗಿದ್ದಳು. ಒಂದೂ ಮೀನು ಜಾಡಿಯ ನಡುವೆ ಇರಲಿಲ್ಲ. ಪ್ರತಿಯೊಂದೂ ಮಗ್ಗುಲಿನ ಗಾಜಿಗೆ, ಚೀಟಿ ಅಂಟಿಸಿದ ಕಡೆಗೇ, ಮೂತಿಯನ್ನು ಒತ್ತಿ ನಿಂತಿತ್ತು. ಬಣ್ಣ ಆಗಲೇ ಬೂದಿಗೆ ತಿರುಗಿತ್ತು. ಅತ್ತೆ ಉಗುರಿನಿಂದ ಐದನೆಯ ಜಾಡಿಯ ಚೀಟಿಯನ್ನು ಕೆರೆದಳು, ಆಮೇಲೆ ಆರನೆಯದರದು. ಎರಡು ಜಾಡಿಗಳ ನಡುವಿನ ಗಾಜು ಬಯಲಾದ ಕೂಡಲೇ ಎರಡೂ ಮೀನು ಮುಖಾಮುಖಿಯಾಗಿ ನಿಂತವು. ಬಾಲಗಳು ಒಂದೇ ತಾಳಕ್ಕೆ ಆಡತೊಡಗಿದವು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

"ಏ ಯವ್ವಾ, ಮುಟ್ಟಬ್ಯಾಡ. ನಂಬರ ಹಾಕೇವಿ ಅದಕ್ಕ," ಎಂದ ಕಾವಲಿಗೆ ನಿಂತಿದ್ದ ಸ್ವಯಂಸೇವಕ.

"ನಂಬರ ನಿಮಗ ಬೇಕು. ಅವಕ್ಕ ಬೇಕಿಲ್ಲಪಾ. ಅವು ಒಂದರ ಮಾರಿ ಒಂದು ನೋಡಲಿ, ಅಷ್ಟರ ಬಿಡು," ಎಂದಳು ಅತ್ತೆ.

ಅವನು ಅಂಟು ತಂದು ಹೊಸ ಚೀಟಿಗಳನ್ನು ಹಚ್ಚಿದ.

ಮೀನುಗಳನ್ನು ಮನೆಗೆ ಒಯ್ಯುತ್ತೇವೆಂದು ನಾನು ಕೇಳಿಕೊಂಡೆ. ನಾಳೆ ಮುಖ್ಯ ಅತಿಥಿಗಳು ಬರುತ್ತಾರೆ, ಕಾರ್ಯಕ್ರಮಪಟ್ಟಿಯಲ್ಲಿ ಮೀನು ಅಚ್ಚಾಗಿದೆ, ಸಾಧ್ಯವಿಲ್ಲ ಎಂದರು. ಗಾಳಿಯನ್ನಾದರೂ ಹಾಕಿಕೊಡುತ್ತೇನೆಂದೆ. ಒಂದು ಟ್ಯೂಬಿನಿಂದ ಹದಿಮೂರು ಜಾಡಿಗೆ ಹೇಗೆ ಹಾಕುವಿರಿ ಎಂದು ಅವರೇ ನನ್ನನ್ನು ಕೇಳಿದರು. ಒಂದು ತೊಟ್ಟಿಗೆ ಒಂದು ಟ್ಯೂಬು ಸಾಕಾಗುತ್ತಿತ್ತು ಎಂಬ ಉತ್ತರ ಅವರಿಗೆ ಉತ್ತರವಾಗಿ ಕೇಳಿಸಲಿಲ್ಲ.

ಅಂದು ಸಂಜೆಯೊಳಗೆ ಮೂರು ಸತ್ತವು. ಮರುದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಇನ್ನೂ ಆರು. ಸತ್ತವುಗಳ ಜಾಡಿಗಳನ್ನು ಮೇಜಿನ ಕೆಳಗಿಟ್ಟು, ಉಳಿದ ನಾಲ್ಕನ್ನು ದೂರ ದೂರಕ್ಕೆ ಸರಿಸಿ ಸಾಲು ತುಂಬಿದಂತೆ ಕಾಣಿಸಿದ್ದರು. ಮಧ್ಯಾಹ್ನ ಅತಿಥಿಗಳು ಬಂದರು, ನೋಡಿದರು, ಮಾಲೆ ಹಾಕಿಸಿಕೊಂಡು ಹೋದರು.

ಅವರು ಹೋದ ಮೇಲೆ ನಡೆದದ್ದೇ ಈ ಬರಹದ ತಿರುಳು. ಕಾರ್ಯದರ್ಶಿ ತಾವೇ ಮೇಜಿನ ಹತ್ತಿರ ಬಂದರು. ಸುತ್ತ ಯಾರೂ ಇರಲಿಲ್ಲ, ಅತ್ತೆ ಮತ್ತು ನಾನು ಮಾತ್ರ. ಅವರು ಅತ್ತೆಯ ಮುಖ ನೋಡದೆ, ತಮ್ಮ ಕೈಯಿಂದಲೇ ನಾಲ್ಕೂ ಮೀನುಗಳನ್ನು ಒಂದೇ ಜಾಡಿಗೆ ಸುರಿದರು. ನಾಲ್ಕೂ ಒಂದು ಸುತ್ತು ಸುತ್ತಿ, ಒಂದೇ ಕಡೆ ಮುಖ ಮಾಡಿ ನಿಂತವು. ಅವರು ಅದನ್ನು ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ.

"ನೀವು ಹೇಳಿದ್ದು ಖರೆ ಐತಿ ಬೇ. ಒಯ್ರಿ ಇನ್ನ," ಎಂದರು ಮೆಲ್ಲಗೆ.

ಅತ್ತೆ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಟಾಂಗಾದಲ್ಲಿ ಮನೆಗೆ ಬಂದಳು. ದಾರಿಯುದ್ದಕ್ಕೂ ಸೆರಗಿನಿಂದ ಬಿಸಿಲು ಮರೆಮಾಡಿದ್ದಳು. ತೊಟ್ಟಿಗೆ ಬಿಟ್ಟ ನಾಲ್ಕರಲ್ಲಿ ಮೂರು ಎರಡು ದಿನದಲ್ಲಿ ಸತ್ತವು. ಕೊನೆಯದು ಕಲ್ಲಿನ ಹಿಂದೆ ಹೋದದ್ದು ಹೊರಗೆ ಬರಲೇ ಇಲ್ಲ. ಅದೇ ತೊಟ್ಟಿಯಲ್ಲಿ, ಅದೇ ನೀರಿನಲ್ಲಿ, ಗಾಜಿನಂಥ ಆ ಎರಡು ಸೀಗಡಿಗಳು ಇಂದಿಗೂ ಬದುಕಿವೆ. ಉಪ್ಪಿನ ಏರಿಳಿತವನ್ನು ತಾಳಲಾರದೆ ಮೀನಿಗಿಂತ ಮೊದಲೇ ಸಾಯುವ ಜೀವಗಳವು. ನೀರಿನಲ್ಲಿ ಯಾವ ದೋಷವೂ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಒಂದು ತಿಂಗಳ ನಂತರ ಸಮಿತಿಯ ವರದಿ ಅಚ್ಚಾಗಿ ಹೊರಬಂತು. ಅದರ ಪ್ರತಿಗಳನ್ನು ಹಳ್ಳಿಗಳ ಪಂಚಾಯತಿಗಳಿಗೂ ಕಳಿಸಿದರು. ಮೀನಿನ ವಿಷಯಕ್ಕೆ ಅದರಲ್ಲಿದ್ದದ್ದು ನಾಲ್ಕು ವಾಕ್ಯ. ಮೀನುಗಳ ಸಾವಿಗೆ ನೀರಿನ ದೋಷವೇ ಕಾರಣವೆಂದು ಒಂದು. ಉಪ್ಪಿನ ಪ್ರಮಾಣವನ್ನು ಅನಕ್ಷರಸ್ಥ ಮಹಿಳೆಯೊಬ್ಬರು ನಾಲಿಗೆಯಿಂದ ನಿರ್ಧರಿಸುತ್ತಿದ್ದರೆಂದು ಇನ್ನೊಂದು. ಮೀನುಗಳನ್ನು ಒಟ್ಟಿಗೆ ಇಡಬೇಕೆಂಬ ಸೂಚನೆ ಮನೆಯವರು ಬರೆದುಕೊಟ್ಟ ಕಾಗದದಲ್ಲಿ ಇಲ್ಲವೆಂದು ಮೂರನೆಯದು. ಇಂಥ ಅವೈಜ್ಞಾನಿಕ ಪದ್ಧತಿಯನ್ನು ಕುಡಿಯುವ ನೀರಿನ ವಿಷಯದಲ್ಲಿಯೂ ಸಾರ್ವಜನಿಕರು ನಂಬಬಾರದೆಂದು ಕೊನೆಯದು. ಕೆಳಗೆ ಕಾರ್ಯದರ್ಶಿಯ ಸಹಿ. "ನೀವು ಹೇಳಿದ್ದು ಖರೆ ಐತಿ" ಎಂದ ಅದೇ ಮನುಷ್ಯರ ಸಹಿ.

ನಾನು ವರದಿಯನ್ನು ಅಡಗಿಸಬೇಕೆಂದಿದ್ದೆ. ಅತ್ತೆ ನನ್ನ ಕೈಯಿಂದ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು ಓದಿದಳು.

"ಅನಕ್ಷರಸ್ಥ ಅಂತ ಬರದಾರ," ಎಂದಳು. "ನಾನ ಓದಾಕತ್ತೇನಿ ಅದನ್ನ."

ಅಷ್ಟೇ ಹೇಳಿ ಬಿಸಾಡದೆ, ಮಡಿಚಿ ಗೂಡಿನಲ್ಲಿಟ್ಟಳು.

ತಿಕೋಟಾದಲ್ಲಿ ಆಗ ಹೊಸ ಬಾವಿಯೊಂದಕ್ಕೆ ನೀರು ಬಿದ್ದಿತ್ತು. ಕೆಂಪು ದಾರದ ಬಾಟಲಿ ಬರುತ್ತದೆಂದು ಅತ್ತೆ ಕಾದಳು. ಬರಲಿಲ್ಲ. ಎರಡು ವಾರದ ಮೇಲೆ ನಾನೇ ಬಸ್ ನಿಲ್ದಾಣಕ್ಕೆ ಹೋಗಿ ಕಂಡಕ್ಟರನನ್ನು ಕೇಳಿದೆ. ಅವನು ನೆಲ ನೋಡಿದ.

"ಪಂಚಾಯತ್ಯಾಗ ಕಾಗದ ಓದಿದ್ರರಿ. ಅತ್ತಿಯವರ ನಾಲಿಗಿ ನಂಬಬ್ಯಾಡ್ರಿ ಅಂತ ಸರಕಾರದ್ದ ಬಂದೈತಿ ಅಂದ್ರು. ನೀರು ಪರೀಕ್ಷಾಕ್ಕ ಕಳಿಸ್ಯಾರ. ಉತ್ತರ ಬರೂತನ ಬಾವಿಗಿ ಹಲಗಿ ಮುಚ್ಚ್ಯಾರ."

ಪ್ರಯೋಗಶಾಲೆಯ ಪರೀಕ್ಷೆಗೆ ನನ್ನ ವಿರೋಧವಿಲ್ಲ. ರೋಗಾಣುಗಳನ್ನು ನಾಲಿಗೆ ಕಾಣಲಾರದು. ಅದನ್ನು ಯಾರಿಗಿಂತಲೂ ಮೊದಲು ಹೇಳಿದವಳು ಅತ್ತೆಯೇ. ಆದರೆ ಆ ಉತ್ತರ ಇಂದಿನವರೆಗೂ ಬಂದಿಲ್ಲ. ಬಾವಿಯ ಮೇಲಿನ ಹಲಗೆ ಹಾಗೆಯೇ ಇದೆ, ತಿಕೋಟಾದ ಹೆಂಗಸರು ಹಳೆಯ ಸವುಳು ಬಾವಿಗೇ ಹೋಗುತ್ತಿದ್ದಾರೆ. ಸಾರವಾಡದಿಂದಲೂ ಬಬಲೇಶ್ವರದಿಂದಲೂ ಬಾಟಲಿಗಳು ನಿಂತುಹೋಗಿವೆ. ಅತ್ತೆ ಈಗಲೂ ಬೆಳಿಗ್ಗೆ ಎದ್ದು, ಚಹಾ ಮುಟ್ಟದೆ, ಬಸ್ಸು ಬರುವ ಹೊತ್ತಿನವರೆಗೆ ಕಟ್ಟೆಯ ಮೇಲೆ ಕೂತಿರುತ್ತಾಳೆ. ಅದನ್ನು ನಾನು ದಿನವೂ ನೋಡುತ್ತೇನೆ. ಒಂದು ಸುಳ್ಳು ವಾಕ್ಯ ಒಬ್ಬಳ ಬದುಕಿನ ಕೆಲಸವನ್ನು ಹೇಗೆ ಕಸಿದುಕೊಳ್ಳುತ್ತದೆ ಎಂಬುದನ್ನು ಸಮಿತಿಯವರೂ ಒಂದು ಬೆಳಿಗ್ಗೆ ಬಂದು ನೋಡಲಿ.

ಮಾವ ಹೊಸ ಹಿಂಡನ್ನು ಕಳಿಸುತ್ತೇನೆಂದು ಕಾಗದ ಬರೆದರು. ಅತ್ತೆ ಬೇಡವೆಂದಳು.

"ನೀರ ಕೆಟ್ಟೈತಿ ಅಂತ ಅಚ್ಚ ಹಾಕ್ಯಾರ. ಆ ಮಾತು ಹೋಗೂತನ ಆ ನೀರಾಗ ಇನ್ನೊಂದ ಹಿಂಡ ನಾ ಬಿಡಂಗಿಲ್ಲ."

ಆದರೂ ಸೀಗಡಿಗಳಷ್ಟೇ ಉಳಿದ ತೊಟ್ಟಿಗೆ ಅವಳು ದಿನವೂ ಸೀನೀರು ಹಾಕುತ್ತಾಳೆ, ಹನಿಯನ್ನು ನಾಲಿಗೆಗೆ ಹಚ್ಚುತ್ತಾಳೆ. ಸಾಯಂಕಾಲದ ಹೊತ್ತಿಗೆ ನಾನು ಟ್ಯೂಬಿಗೆ ಗಾಳಿ ಹೊಡೆಯುತ್ತೇನೆ.

ಈ ಬರಹವನ್ನು ಬರೆಯುತ್ತೇನೆಂದು ಹೇಳಿದಾಗ ಅವಳು ತಡೆಯಲಿಲ್ಲ. "ಬರಿ," ಎಂದಳು. "ಆದ್ರ ಅವರು ಮಾಡಿದ್ದಷ್ಟ ಬರೀಬ್ಯಾಡ. ನೀ ಬರೀದ ಬಿಟ್ಟಿದ್ದನ್ನೂ ಬರಿ." ಬರೆದಿದ್ದೇನೆ.

ಆದ್ದರಿಂದ ಪ್ರದರ್ಶನ ಸಮಿತಿಯ ಅಧ್ಯಕ್ಷರಿಗೂ ಕಾರ್ಯದರ್ಶಿಗಳಿಗೂ ಈ ಮೂಲಕ ವಿಧ್ಯುಕ್ತವಾಗಿ ವಿನಂತಿಸುತ್ತೇನೆ. ಕೊಟ್ಟ ಮಾತನ್ನು ಮೀರಿ ಹಿಂಡನ್ನು ಒಡೆಯುವ ಅಪ್ಪಣೆ ಯಾರದೆಂಬುದನ್ನು, ಎರಡನೆಯ ದಿನ ಮಧ್ಯಾಹ್ನ ನಾಲ್ಕು ಮೀನುಗಳನ್ನು ಒಂದೇ ಜಾಡಿಗೆ ಸುರಿದ ಸಂಗತಿ ವರದಿಯಲ್ಲಿ ಏಕಿಲ್ಲವೆಂಬುದನ್ನು ತಾವು ಲಿಖಿತವಾಗಿ ತಿಳಿಸಬೇಕು. ಅತ್ತೆಯನ್ನು ಕುರಿತ ವಾಕ್ಯಗಳನ್ನು ವರದಿಯಿಂದ ತೆಗೆದುಹಾಕಿ, ತೆಗೆದುಹಾಕಿದ ಸುದ್ದಿಯನ್ನು ಮೊದಲಿನ ಕಾಗದ ಮುಟ್ಟಿದ ಪ್ರತಿಯೊಂದು ಪಂಚಾಯತಿಗೂ ಮುಟ್ಟಿಸಬೇಕು. ತಿಕೋಟಾದಲ್ಲಿ ಅದನ್ನು ಜನರೆದುರಿಗೆ ಗಟ್ಟಿಯಾಗಿ ಓದಿಸಬೇಕು. ಬಾವಿಯ ನೀರಿನ ಪರೀಕ್ಷೆಯ ಉತ್ತರ ಬೇಗ ಬರುವಂತೆ ಸಂಬಂಧಪಟ್ಟವರನ್ನು ಒತ್ತಾಯಿಸುವ ಹೊಣೆಯನ್ನೂ ತಾವೇ ಹೊರಬೇಕು, ಏಕೆಂದರೆ ಆ ಹಲಗೆಯನ್ನು ಮುಚ್ಚಿಸಿದ್ದು ತಮ್ಮ ಕಾಗದ. ನನ್ನ ಮೂರು ಪುಟಗಳ ಲೋಪಕ್ಕೆ ನಾನು ಉತ್ತರ ಕೊಡಲು ಸಿದ್ಧನಿದ್ದೇನೆ, ಕರೆದಲ್ಲಿಗೆ ಬರುತ್ತೇನೆ.

ತಮ್ಮ ಉತ್ತರವನ್ನು ನನಗೆ ಕಳಿಸುವುದು ಬೇಡ. ಅತ್ತೆಯ ಹೆಸರಿಗೆ ಕಳಿಸಿರಿ. ಅವಳು ಓದಬಲ್ಲಳು.